ತಾಯಿ ಕಾರ್ಡಿಗಿಂತ ಮೊದಲೇ ಬಡಿಯುವ ಗುಂಡಿಗೆ

ಕಲಬುರಗಿಯ ಒಂದು ಕಾಲೇಜಿನಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ವಿದ್ಯಾರ್ಥಿನಿಯರ ಮುಂದೆ ಆಡಿದ ಮಾತು ಇದು. ಅವತ್ತು ಬರಲಾಗದವರು ಕೇಳಿದ್ದರಿಂದ ಬರೆದುಕೊಟ್ಟಿದ್ದೇನೆ. ಆಡಿದ ಹಾಗೆಯೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರುವ ಅಕ್ಕಂದಿರು ಸ್ವಲ್ಪ ಮುಂದೆ ಬನ್ನಿ, ಫ್ಯಾನುಗಳೆಲ್ಲ ಈ ಕಡೆಗಿವೆ.

ನಾನು ಮಕ್ಕಳ ಡಾಕ್ಟರು. ಮೊದಲು ಯಾದಗಿರಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿದ್ದೆ. ಈಗ ಇಲ್ಲೇ ಕಲಬುರಗಿಯಲ್ಲಿದ್ದೇನೆ. ಮಕ್ಕಳ ಡಾಕ್ಟರು ಹಾರ್ಟ್ ಅಟ್ಯಾಕ್, ಬಿಪಿ, ಶುಗರ್ ಬಗ್ಗೆ ಯಾಕೆ ಮಾತಾಡಬೇಕು ಅಂತ ನಿಮಗೆ ಅನ್ನಿಸಬಹುದು. ಅದಕ್ಕೊಂದು ಕಾರಣ ಇದೆ.

ನಮ್ಮ ಬೀದಿಯಲ್ಲಿ ಆಟೋ ಓಡಿಸುವ ಒಬ್ಬ ಹುಡುಗ ಇದ್ದಾನೆ. ನಾನು ಹುಡುಗ ಅನ್ನುತ್ತೇನೆ, ಅವನಿಗೆ 36 ವರ್ಷ. ಒಂದು ದಿನ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟ. ಆಸ್ಪತ್ರೆಗೆ ಒಯ್ದರು, ಸ್ಟೆಂಟ್ ಹಾಕಿದರು, ಉಳಿದ. ನಾನು ನೋಡಲು ಹೋದಾಗ ಅವನ ತಾಯಿ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದರು. "ನಮ್ಮ ಮನ್ಯಾಗ ಯಾರಿಗೂ ಹಾರ್ಟಿಂದು ಇಲ್ರಿ ಮೇಡಂ. ಇವ ದಪ್ಪನೂ ಇಲ್ಲ, ಕುಡಿಯಾಂವನೂ ಅಲ್ಲ. ಇವ್ಗ ಹ್ಯಾಂಗ ಬಂತು?" ಅಂದರು. ನಾನು ಸುಮ್ನೆ ಪಕ್ಕದಲ್ಲಿ ಕೂತೆ. ಮಾತಿಗೆ ಮಾತು ಬೆಳೆದು ಅವನು ಹುಟ್ಟಿದ ಕಥೆ ಬಂತು. ಆ ವರ್ಷ ಮಳೆ ಕೈಕೊಟ್ಟಿತ್ತಂತೆ. ಏಳು ತಿಂಗಳ ಬಸುರಿ ಇದ್ದಾಗಲೂ ಶಹಾಬಾದ ಕಡೆ ಖಣಿಯಲ್ಲಿ ಫರಸಿ ಕಲ್ಲು ಹೊತ್ತಿದ್ದರು. ದಿನವೆಲ್ಲ ಕಲ್ಲಿನ ಧೂಳು, ರಾತ್ರಿ ಒಲೆಯ ಹೊಗೆ, ಊಟ ಅಂದರೆ ರೊಟ್ಟಿ, ಖಾರ. ಎಂಟನೇ ತಿಂಗಳಿಗೇ ಹೆರಿಗೆ ಆಯಿತು. "ನನ್ನ ಅಂಗೈಯಾಗ ಹಿಡಿಸ್ತಿದ್ದ," ಅಂತ ಕೈ ಚಾಚಿ ತೋರಿಸಿದರು.

ಆ ಕೂಸಿನ ತೂಕದಿಂದ ಈ ಹಾರ್ಟ್ ಅಟ್ಯಾಕಿಗೆ ನೇರವಾಗಿ ಗೆರೆ ಎಳೆಯಲು ಬರುವುದಿಲ್ಲ. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಸಾವಿರಾರು ಜನರ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿದ್ದಾರೆ. ಅವರು ಕಂಡದ್ದನ್ನು ನಿಮಗೆ ಹೇಳಬೇಕು ಅಂತಲೇ ಬಂದಿದ್ದೇನೆ.

ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಅಂತ ಒಬ್ಬ ಡಾಕ್ಟರು ಇದ್ದರು. ಹಾರ್ಟ್ ಅಟ್ಯಾಕ್ ಅಂದರೆ ಉಂಡು ತಿಂದು ಸುಖವಾಗಿರುವವರ ಕಾಯಿಲೆ ಅಂತ ಆಗ ಎಲ್ಲರೂ ತಿಳಿದಿದ್ದರು. ಬಾರ್ಕರ್ ದೇಶದ ನಕ್ಷೆ ಹರಡಿಕೊಂಡು ನೋಡಿದರೆ ಲೆಕ್ಕ ತಿರುಗುಮುರುಗು. 1921ರಿಂದ 1925ರವರೆಗೆ ಎಲ್ಲೆಲ್ಲಿ ಕೂಸುಗಳು ಜಾಸ್ತಿ ಸತ್ತಿದ್ದವೋ, ಆ ಬಡ ಊರುಗಳಲ್ಲೇ ಸುಮಾರು ಐವತ್ತು ವರ್ಷದ ನಂತರ ಹೃದಯದ ಕಾಯಿಲೆಯ ಸಾವೂ ಜಾಸ್ತಿ ಇತ್ತು. 1986ರಲ್ಲಿ ಇದನ್ನು ಪ್ರಕಟಿಸಿದರು. ಬಹಳ ಜನ ನಂಬಲಿಲ್ಲ. ಆಗ ಅವರು ಹಳೆಯ ರಿಜಿಸ್ಟರುಗಳನ್ನು ಹುಡುಕುತ್ತಾ ಹೊರಟರು. ಹರ್ಟ್‌ಫರ್ಡ್‌ಶೈರ್ ಅನ್ನುವ ಜಿಲ್ಲೆಯಲ್ಲಿ ಸಿಕ್ಕವು. 1911ರಿಂದ ಅಲ್ಲಿನ ಸೂಲಗಿತ್ತಿಯರು, ಆರೋಗ್ಯ ಸಹಾಯಕಿಯರು ಸೈಕಲ್ ಮೇಲೆ ಮನೆಮನೆಗೆ ಹೋಗಿ ಕೂಸು ಹುಟ್ಟಿದಾಗಿನ ತೂಕ, ವರ್ಷ ತುಂಬಿದಾಗಿನ ತೂಕ ಬರೆದಿಟ್ಟಿದ್ದರು. ಹಾಗೆ ಬರೆಯುವ ಪದ್ಧತಿ ಹಾಕಿಕೊಟ್ಟವರು ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಅನ್ನುವ ಹೆಣ್ಣುಮಗಳು. ಆ ಕೂಸುಗಳು ದೊಡ್ಡವರಾಗಿ, ಮುದುಕರಾಗಿ, ಯಾರು ಯಾವ ಕಾಯಿಲೆಯಿಂದ ಸತ್ತರು ಅಂತ ಬಾರ್ಕರ್ ತಾಳೆ ಹಾಕಿದರು. ಹುಟ್ಟಿದಾಗ, ವರ್ಷ ತುಂಬಿದಾಗ ಯಾರು ಹಗುರವಾಗಿದ್ದರೋ ಅವರಲ್ಲೇ ಹೃದಯದ ಸಾವು ಹೆಚ್ಚು.

ಆಶಾ ಅಕ್ಕಂದಿರೇ, ನಿಮ್ಮ ರಿಜಿಸ್ಟರಿನಲ್ಲಿ ಒಂದು ತೂಕ ಸುಮ್ನೆ ಅಂದಾಜಿಗೆ ಬರೆದರೂ ಏನಾಗುತ್ತದೆ ಅಂತ ಸಾಯಂಕಾಲದ ದಣಿವಿನಲ್ಲಿ ಅನ್ನಿಸುತ್ತದೆ. ನನಗೆ ಗೊತ್ತು. ಆ ಸೈಕಲ್ ಹೆಣ್ಣುಮಕ್ಕಳಿಗೂ ಅನ್ನಿಸಿರಬೇಕು. ಅವರು ಸರಿಯಾಗಿ ಬರೆದದ್ದರಿಂದಲೇ ಇವತ್ತು ನಾನು ಇಲ್ಲಿ ನಿಂತು ಮಾತಾಡುತ್ತಿದ್ದೇನೆ.

ಅದು ಇಂಗ್ಲೆಂಡು, ನಮ್ಮದು ಬೇರೆ ಅನ್ನಬೇಡಿ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಗೊತ್ತಲ್ಲ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳಿವೆ. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ಇನ್ನೂರು ಗ್ರಾಂ ದಾಟಿದವರಲ್ಲಿ ನೂರಕ್ಕೆ 3. ಇದು ನಮ್ಮ ರಾಜ್ಯದ ಜನರ ಲೆಕ್ಕ.

ಹೀಗೆ ಯಾಕೆ ಆಗುತ್ತದೆ? ಮನೆ ಕಟ್ಟಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಪಾಯಾ ಹಾಕುವಾಗ ಸಿಮೆಂಟು ಕಮ್ಮಿ ಬಿತ್ತು ಅಂದುಕೊಳ್ಳಿ. ಮನೆ ಏಳುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ಮೇಲೆ ಇನ್ನೊಂದು ಮಜಲೆ ಏರಿಸಿದಾಗ ಬಿರುಕು ಕಾಣುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಆಕ್ಸಿಜನ್ ಕಡಿಮೆ ಬಂದರೆ, ಆಹಾರ ಕಡಿಮೆ ಬಂದರೆ, ಅದು ಮೊದಲು ತಲೆ ಕಾಪಾಡಿಕೊಳ್ಳುತ್ತದೆ. ಇದ್ದ ರಕ್ತವನ್ನು ಮೆದುಳಿಗೆ ಕಳಿಸುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಮಾಂಸಖಂಡ ಇವುಗಳ ಪಾಲು ಕಡಿತವಾಗುತ್ತದೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ಸಣ್ಣ ಜಾಲರಿಗಳಿವೆ. ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷ. ಅವು ಸುಮಾರು 36 ವಾರಕ್ಕೆ ತಯಾರಾಗಿ ಮುಗಿಯುತ್ತವೆ. ಎಷ್ಟು ಸಿಕ್ಕವೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. ಕಡಿಮೆ ಜಾಲರಿ ಇದ್ದವರಲ್ಲಿ ಅದೇ ಕೆಲಸಕ್ಕೆ ಒತ್ತಡ ಜಾಸ್ತಿ ಬೇಕು. ಅದೇ ಮುಂದೆ ಬಿಪಿ. ಹೃದಯದ ಸ್ನಾಯುವಿನ ಕಣಗಳೂ ಹೆಚ್ಚುಕಡಿಮೆ ಹೀಗೆಯೇ. ಹುಟ್ಟಿದ ಮೇಲೆ ಅವು ದಪ್ಪ ಆಗುತ್ತವೆ, ಲೆಕ್ಕದಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ.

ಪುಣೆಯ ಕೆಇಎಂ ಆಸ್ಪತ್ರೆಯ ಡಾಕ್ಟರ್ ಯಾಜ್ಞಿಕ್ ಅವರ ಕೆಲಸವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಯಾಕೆಂದರೆ ಅವರು ನೋಡಿದ್ದು ನಮ್ಮಂಥದೇ ಹಳ್ಳಿಗಳನ್ನು. ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು. 1990ರ ದಶಕದಲ್ಲಿ ಶುರುವಾದ ಅಧ್ಯಯನ. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು 3.5 ಕಿಲೋ. ಇಷ್ಟಕ್ಕೆ ಯಾರಿಗೂ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆದದ್ದು ಚರ್ಮದ ಕೆಳಗಿನ ಕೊಬ್ಬು ಅಳೆದಾಗ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಹೊಟ್ಟೆಯ ಅಂಗಗಳು ಸಣ್ಣವು, ಆದರೆ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ಕಣ್ಣಿಗೆ ಸಣಕಲು, ಒಳಗೆ ಕೊಬ್ಬು. "ಇವ ದಪ್ಪ ಇಲ್ರಿ, ಹ್ಯಾಂಗ ಬಂತು" ಅಂತ ಆ ತಾಯಿ ಕೇಳಿದರಲ್ಲ, ಅದಕ್ಕೆ ಸ್ವಲ್ಪ ಉತ್ತರ ಇಲ್ಲಿದೆ.

ಈಗ ಅಡುಗೆಮನೆಗೆ ಬರೋಣ.

ನಮ್ಮ ಕಡೆ ಗ್ಯಾಸ್ ಇಲ್ಲದ ಮನೆ ಈಗ ಕಡಿಮೆ. 2016ರಲ್ಲಿ ಉಜ್ವಲಾ ಬಂದ ಮೇಲೆ ತಾಂಡಾಗಳಿಗೂ ಸಿಲಿಂಡರ್ ಹೋಗಿದೆ. ಆದರೆ ಮನೆ ಒಳಗೆ ಹೋಗಿ ನೋಡಿ. ಚಹಾ ಗ್ಯಾಸ್ ಮೇಲೆ, ರೊಟ್ಟಿ ಒಲೆ ಮೇಲೆ. ತಪ್ಪು ಅನ್ನುತ್ತಿಲ್ಲ. ಎಂಟು ಜನರ ಮನೆಗೆ ದಿನಕ್ಕೆ ಮೂವತ್ತು ರೊಟ್ಟಿ ಬೇಕು. ಅಷ್ಟನ್ನೂ ಗ್ಯಾಸ್ ಮೇಲೆ ಸುಟ್ಟರೆ ಸಿಲಿಂಡರ್ ತಿಂಗಳು ಬಾಳುವುದಿಲ್ಲ. ಹೊಲದಲ್ಲಿ ತೊಗರಿ ಕಟ್ಟಿಗೆ ಪುಕ್ಕಟೆ ಬಿದ್ದಿರುತ್ತದೆ. ಹತ್ತಿ ಕಟ್ಟಿಗೆ, ಜಾಲಿ, ಕುಳ್ಳು ಎಲ್ಲ ಇವೆ. ರೊಟ್ಟಿಯ ರುಚಿಯೂ ಒಲೆಯದೇ ಅಂತಾರೆ ಹಿರಿಯರು. ಆದರೆ ಆ ಒಲೆ ಮುಂದೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಕೂರುವವಳು ಯಾರು? ಮನೆಗೆ ಹೊಸದಾಗಿ ಬಂದ ಸೊಸೆ. ಬಹಳ ಸಲ ಬಸುರಿ.

ಆ ಹೊಗೆಯಲ್ಲಿ ಎರಡು ವಿಷಯ ಮುಖ್ಯ. ಒಂದು, ಕಾರ್ಬನ್ ಮೊನಾಕ್ಸೈಡ್. ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ. ತಾಯಿಯ ರಕ್ತಕ್ಕಿಂತ ಕೂಸಿನ ರಕ್ತವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬಿಡುವುದೂ ತಡ. ತಾಯಿ ಅಂಗಳಕ್ಕೆ ಬಂದು ಎರಡು ಸಲ ಉಸಿರೆಳೆದುಕೊಂಡರೆ ಅವಳಿಗೆ ಹಗುರ ಅನ್ನಿಸುತ್ತದೆ. ಒಳಗಿರುವ ಕೂಸಿಗೆ ಅಂಗಳ ಎಲ್ಲಿಂದ ಬರಬೇಕು? ಇನ್ನೊಂದು, ಕಣ್ಣಿಗೆ ಕಾಣದ ಸಣ್ಣ ಕಣ, ಪಿಎಂ 2.5 ಅಂತ ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲು. ಇವು ಶ್ವಾಸಕೋಶದಲ್ಲೇ ಉಳಿಯುತ್ತವೆ, ಕೂಸಿನ ತನಕ ಹೋಗುವುದಿಲ್ಲ ಅಂತ ಮೊದಲು ತಿಳಿದಿದ್ದರು. 2019ರಲ್ಲಿ ಬೆಲ್ಜಿಯಂನವರು ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ವಿಶೇಷ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಾಸಿನ ಆ ಕಡೆ, ಅಂದರೆ ಕೂಸಿನ ಕಡೆಯ ಪದರದಲ್ಲೇ ಮಸಿಯ ಕಣಗಳಿದ್ದವು. ಅಲ್ಲಿನ ತಾಯಂದಿರು ಒಲೆ ಊದಿದವರಲ್ಲ, ಬರೀ ರಸ್ತೆಯ ಗಾಳಿ ಉಸಿರಾಡಿದವರು. ಆ ಚಿತ್ರ ನೋಡಿದ ದಿನ ನನಗೆ ನಮ್ಮ ಅಡುಗೆಮನೆಗಳ ಕಪ್ಪು ಗೋಡೆಗಳೇ ಕಣ್ಣಮುಂದೆ ಬಂದವು.

ಅಮೆರಿಕದ ಬಾಸ್ಟನ್‌ನಲ್ಲಿ 3ರಿಂದ 9 ವರ್ಷದ ಮಕ್ಕಳ ಬಿಪಿ ನೋಡಿದರು, 2018ರಲ್ಲಿ ಪ್ರಕಟವಾಯಿತು. ತಾಯಿ ಕೊನೆಯ ಮೂರು ತಿಂಗಳಲ್ಲಿ ಈ ಸಣ್ಣ ಕಣ ಜಾಸ್ತಿ ಇರುವ ಗಾಳಿ ಉಸಿರಾಡಿದ್ದರೆ, ಮಗುವಿನ ಬಿಪಿ ಹೆಚ್ಚಿರುವ ಸಾಧ್ಯತೆ ಜಾಸ್ತಿ ಇತ್ತು. ಶಾಲೆಗೆ ಹೋಗುವ ಮಗುವಿಗೆ ಬಿಪಿ! ವಾಡಿ, ಶಹಾಬಾದ, ಸೇಡಂ ಕಡೆಯಿಂದ ಬಂದವರು ಇಲ್ಲಿದ್ದೀರಿ. ಸಿಮೆಂಟು, ಕಲ್ಲಿನ ಧೂಳು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಗೆದ ಬಟ್ಟೆ ಒಣಹಾಕಿದರೆ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಗ್ಯಾಸ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನೂ ನಂಬಿದ್ದೆ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾ, ಈ ನಾಲ್ಕು ಕಡೆ ಸುಮಾರು 3200 ಬಸುರಿಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಗ್ಯಾಸ್ ಒಲೆ, ಸಿಲಿಂಡರ್ ಪುಕ್ಕಟೆ ಕೊಟ್ಟರು. ಅವರು ಉಸಿರಾಡುವ ಹೊಗೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೆ 2022ರಲ್ಲಿ ಫಲಿತಾಂಶ ಬಂದಾಗ ಕೂಸುಗಳ ತೂಕದಲ್ಲಿ ವ್ಯತ್ಯಾಸ ಬರೀ 20 ಗ್ರಾಂ ಆಸುಪಾಸು. ಲೆಕ್ಕಕ್ಕೆ ಬಾರದಷ್ಟು. ನನಗೆ ಬಹಳ ಬೇಸರವಾಯಿತು. ಆಮೇಲೆ ಕೂತು ಓದಿದೆ. ಆ ಹೆಣ್ಣುಮಕ್ಕಳಿಗೆ ಗ್ಯಾಸ್ ಸಿಕ್ಕಾಗ 9 ವಾರದಿಂದ 20 ವಾರದ ಒಳಗೆ ಇದ್ದರು. ಅಷ್ಟೊತ್ತಿಗೆ ಮಾಸು ಬೇರೂರಿ ಆಗಿತ್ತು. ಅದೂ ಅಲ್ಲದೆ ಕೂಸಿನ ತೂಕ ಹೊಗೆಯೊಂದರಿಂದ ತೀರ್ಮಾನ ಆಗುವುದಿಲ್ಲ. ತಾಯಿ ತಾನೇ ಎಷ್ಟು ಎತ್ತರ ಬೆಳೆದಳು, ಏನು ಉಂಡಳು, ರಕ್ತ ಎಷ್ಟಿದೆ ಎಲ್ಲ ಸೇರುತ್ತದೆ. ಗ್ಯಾಸ್ ಬೇಡ ಅಂತ ಇದರ ಅರ್ಥ ಅಲ್ಲ. ತಾಯಿಯ ಶ್ವಾಸಕೋಶಕ್ಕೆ, ಕಣ್ಣಿಗೆ ಗ್ಯಾಸ್ ಬೇಕೇ ಬೇಕು. ನಾವು ತಡವಾಗಿ ಶುರುಮಾಡುತ್ತಿದ್ದೇವೆ ಅಂತ ನಾನು ತಿಳಿದುಕೊಂಡೆ.

ಎಷ್ಟು ತಡ ಅಂತ ಹೇಳುತ್ತೇನೆ. ಗರ್ಭ ಕಟ್ಟಿ ಸುಮಾರು 22 ದಿನಕ್ಕೆ ಕೂಸಿನ ಗುಂಡಿಗೆ ಬಡಿಯಲು ಶುರುವಾಗುತ್ತದೆ. ಮುಟ್ಟು ನಿಂತು ಒಂದು ವಾರ ಆಗಿರುತ್ತದೆ ಅಷ್ಟೇ. ಎಂಟು ವಾರದ ಹೊತ್ತಿಗೆ ನಾಲ್ಕೂ ಕೋಣೆ ತಯಾರು. ಬಸುರಿಯ ಹೆಸರು, ತಪಾಸಣೆ ಬರೆದಿಡುವ ತಾಯಿ ಕಾರ್ಡ್ ನಾವು ಮಾಡುವುದು ಯಾವಾಗ? ಚುರುಕಾದ ಆಶಾ ಇದ್ದರೆ ಮೂರು ತಿಂಗಳೊಳಗೆ. ಇಲ್ಲವಾದರೆ ಮುಂಬೈಗೋ ಪುಣೆಗೋ ಗುಳೆ ಹೋಗಿ ಐದು ತಿಂಗಳಿಗೆ ವಾಪಸ್ ಬಂದಾಗ. ಕಾರ್ಡ್ ಬರುವ ಮೊದಲೇ ಗುಂಡಿಗೆ ಕಟ್ಟಿ ಮುಗಿದಿರುತ್ತದೆ.

ಹೊಲದ ಮಾತೂ ಇದೇ. ಡೆನ್ಮಾರ್ಕಿನಲ್ಲಿ ಹೂವಿನ ಹಸಿರುಮನೆಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿದ್ದರು. ಬಸುರಿ ಅಂತ ಗೊತ್ತಾದ ಕೂಡಲೇ ಅವರನ್ನು ಕೀಟನಾಶಕದ ಕೆಲಸದಿಂದ ದೂರ ಇಡುತ್ತಿದ್ದರು. ಆದರೂ ಗೊತ್ತಾಗುವ ಮೊದಲಿನ ಆ ಕೆಲವು ವಾರ ಕೀಟನಾಶಕದ ನಡುವೆ ಇದ್ದವರ ಮಕ್ಕಳು ಹುಟ್ಟಿದಾಗ ಹಗುರ, 6ರಿಂದ 11 ವರ್ಷಕ್ಕೆ ಬಂದಾಗ ಮೈಯಲ್ಲಿ ಕೊಬ್ಬು ಜಾಸ್ತಿ. ನಮ್ಮ ತೊಗರಿಗೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಬೀಳುತ್ತದೆ, ಎಣ್ಣಿ ಅಂದರೆ ಕೀಟನಾಶಕ ಹೊಡೆಯುತ್ತಾರೆ. ಬೆನ್ನ ಮೇಲೆ ಪಂಪು ಹೊತ್ತವರು ಗಂಡಸರು ಇರಬಹುದು. ಕೊಡದಲ್ಲಿ ನೀರು ತಂದು ಎಣ್ಣಿ ಕಲಸಿ ಕೊಡುವವರು, ಮರುದಿನ ಅದೇ ಸಾಲಿನಲ್ಲಿ ಕಳೆ ತೆಗೆಯುವವರು, ಆ ಅಂಗಿ ಒಗೆಯುವವರು ಹೆಣ್ಣುಮಕ್ಕಳು. ಮದುವೆಯಾದ ಹೊಸತರಲ್ಲಿ ಇರುವ ಯಾವ ಹೆಣ್ಣುಮಗಳನ್ನೂ ಈ ಮೂರು ಕೆಲಸಕ್ಕೆ ಹಚ್ಚಬೇಡಿ ಅಂತ ನಾನು ಗಂಡಸರ ಸಭೆಯಲ್ಲೂ ಹೇಳುತ್ತೇನೆ. ಬಸುರಿ ಆದ ಮೇಲೆ ನೋಡೋಣ ಅಂದರೆ ಹೊತ್ತು ಮೀರಿರುತ್ತದೆ.

ಇನ್ನು ನೀರು. ಸುರಪುರದವರು ಕೈ ಎತ್ತಿ. ನಿಮ್ಮ ತಾಲೂಕಿನಲ್ಲೂ ಒಂದು ಮಂಗಳೂರು ಇದೆ, ಕರಾವಳಿಯದ್ದಲ್ಲ. ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಚಿನ್ನ ಇರುವ ಕಲ್ಲಿನಲ್ಲಿ ಬಹಳ ಕಡೆ ಆರ್ಸೆನಿಕ್ ಕೂಡ ಇರುತ್ತದೆ. ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ, ಅದೇ. ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಅಲ್ಲೇ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲು ಗಂಟುಗಂಟಾಗಿ ಒಡೆದಿದ್ದವು, ಮೈಮೇಲೆ ಕಪ್ಪು ಬಿಳಿ ಚುಕ್ಕೆ. ಪರೀಕ್ಷೆ ಮಾಡಿದವರು 2013ರಲ್ಲಿ ಬರೆದಿದ್ದಾರೆ: ನೋಡಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆರ್ಸೆನಿಕ್‌ನ ಚರ್ಮದ ಗುರುತು ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಲ್ಲಿನ ನೀರು ಅದನ್ನು ದಾಟಿತ್ತು.

ಚರ್ಮ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಸುದ್ದಿಯಾಯಿತು. ಹೃದಯ ಕಾಣುವುದಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಆಂಟೊಫಗಾಸ್ಟಾ ಅಂತ ಊರು. 1958ರಲ್ಲಿ ಬೆಟ್ಟದ ನದಿಯ ನೀರನ್ನು ನಲ್ಲಿಗೆ ತಂದರು. ಅದರಲ್ಲಿ ಲೀಟರಿಗೆ 800 ಮೈಕ್ರೋಗ್ರಾಂಗೂ ಜಾಸ್ತಿ ಆರ್ಸೆನಿಕ್. 1970ರಲ್ಲಿ ಶುದ್ಧೀಕರಣ ಘಟಕ ಬಂತು, ಸಮಸ್ಯೆ ಮುಗಿಯಿತು ಅಂದುಕೊಂಡರು. ಆದರೆ ಆ ಹನ್ನೆರಡು ವರ್ಷದಲ್ಲಿ ಹೊಟ್ಟೆಯೊಳಗಿದ್ದವರು, ಕೂಸಾಗಿದ್ದವರು ಮೂವತ್ತು, ನಲವತ್ತು ವರ್ಷಕ್ಕೆ ಬಂದಾಗ, ಆ ಗಂಡಸರಲ್ಲಿ ಹಾರ್ಟ್ ಅಟ್ಯಾಕಿನ ಸಾವು ಬೇರೆ ಊರಿಗಿಂತ ಸುಮಾರು ಮೂರು ಪಟ್ಟು ಇತ್ತು. ನೀರು ಸ್ವಚ್ಛವಾಗಿ ಎಷ್ಟೋ ವರ್ಷ ಆದ ಮೇಲೆ. ಬಾಂಗ್ಲಾದೇಶದ ಮತ್ಲಬ್‌ನಲ್ಲೂ ಬಸುರಿಯಲ್ಲಿ ಆರ್ಸೆನಿಕ್ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ನಾಲ್ಕೂವರೆ ವರ್ಷಕ್ಕೇ ಬಿಪಿ ತುಸು ಮೇಲಿತ್ತು.

ಒಂದು ಮಾತು ದಯವಿಟ್ಟು ಊರಿಗೆ ಹೋಗಿ ಹೇಳಿ: ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ಕುದಿಸಿ ಕುಡಿಯಿರಿ ಅಂತ ನಾವೇ ವರ್ಷಗಟ್ಟಲೆ ಹೇಳಿದ್ದೇವೆ, ಅದು ಭೇದಿಗೆ ಸರಿ. ಆರ್ಸೆನಿಕ್ ಇರುವ ನೀರನ್ನು ಕುದಿಸಿದರೆ ನೀರು ಆರಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ವರದಿಯ ಪ್ರತಿ ಕೇಳಿ. ಕೆಟ್ಟ ಬೋರಿನ ಬದಲು ನದಿಯ ನೀರು ತರಿಸುವುದು ಊರಿನ ಕೆಲಸ, ಬಸುರಿಯ ಕೆಲಸ ಅಲ್ಲ.

ತಂಬಾಕಿನ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. "ನಮ್ಮ ಹೆಣ್ಮಕ್ಕಳು ಬೀಡಿ ಸೇದಂಗಿಲ್ರಿ" ಅನ್ನುತ್ತೀರಿ. ನಿಜ. ಆದರೆ ಮಿಶ್ರಿಯಿಂದ, ಅಂದರೆ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವುದು? ಎಲೆ ಅಡಿಕೆ ಜೊತೆ ಚಿಟಿಕೆ ತಂಬಾಕು? ಮುಂಬೈಯಲ್ಲಿ ಹೀಗೆ ಬಾಯಲ್ಲಿ ತಂಬಾಕು ಇಡುತ್ತಿದ್ದ ಬಸುರಿಯರ ಕೂಸುಗಳು ಸರಾಸರಿ 105 ಗ್ರಾಂ ಹಗುರ ಇದ್ದವು, 2004ರ ಅಧ್ಯಯನ. ನಿಕೋಟಿನ್ ಮಾಸನ್ನು ಸಲೀಸಾಗಿ ದಾಟುತ್ತದೆ. ಗಂಡ ಮನೆಯೊಳಗೆ ಬೀಡಿ ಸೇದಿದರೂ ಹೊಗೆ ಇವಳದ್ದೇ.

ಸೀಸದ ಮಾತು ಒಂದೇ ಸಾಲು. ಹಳೆ ಬ್ಯಾಟರಿ ಒಡೆದು ಕರಗಿಸುವ ಜಾಗದ ಹತ್ತಿರ ಬಸುರಿ ಇರಬಾರದು, ಚಿಕ್ಕ ಮಕ್ಕಳೂ ಇರಬಾರದು.

ಊಟದ ಬಗ್ಗೆ ಒಂದು ನಂಬಿಕೆ ಇದೆ, ನಿಮಗೆಲ್ಲ ಗೊತ್ತು. "ಜಾಸ್ತಿ ಉಂಡ್ರ ಕೂಸು ದೊಡ್ಡದಾಗ್ತದ, ಹೆರಿಗಿ ತ್ರಾಸ ಆಗ್ತದ." ಕುಬಸದ ದಿನ ಐದು ಬಗೆಯ ಸಿಹಿ ಮುಂದಿಟ್ಟು ಉಡಿ ತುಂಬುತ್ತೇವೆ, ಉಳಿದ ದಿನ ಅವಳು ಎಲ್ಲರದ್ದೂ ಆದ ಮೇಲೆ ಉಳಿದದ್ದು ಉಣ್ಣುತ್ತಾಳೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿ ಬ್ಯಾಳಿ, ಇವೆಲ್ಲ ಬಹಳ ಒಳ್ಳೆಯ ಊಟ. ಆದರೆ ಅದರಲ್ಲಿ ಬಿ12 ವಿಟಮಿನ್ ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಮಾತ್ರ ಇರುತ್ತದೆ. ಪುಣೆಯ ಹಳ್ಳಿಗಳಲ್ಲಿ ಮೂರರಲ್ಲಿ ಎರಡು ಪಾಲು ಬಸುರಿಯರಿಗೆ ಬಿ12 ಕಡಿಮೆ ಇತ್ತು. ಬಿ12 ಕಡಿಮೆ ಇದ್ದು ಫೋಲೇಟ್, ಅಂದರೆ ಫೋಲಿಕ್ ಗುಳಿಗೆಯಲ್ಲಿರುವ ವಿಟಮಿನ್, ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಇದನ್ನು ಕೇಳಿ ಐರನ್ ಫೋಲಿಕ್ ಗುಳಿಗೆ ಬಿಡಬೇಡಿ, ಕೈ ಮುಗಿಯುತ್ತೇನೆ. ಗುಳಿಗೆ ನುಂಗಿ, ಜೊತೆಗೆ ಹಾಲು, ಮೊಸರು, ಮೊಟ್ಟೆ ತಿನ್ನಿ. ಬಸುರಿಯರಿಗೆ ಕೊಡುವ ಮಾತೃಪೂರ್ಣ ಊಟ 2017ರಿಂದ ಅಂಗನವಾಡಿಯಲ್ಲಿ ಇದೆ. "ಸೊಸಿ ಅಲ್ಲಿ ತನಕ ನಡದು ಹೋಗಿ ಉಣ್ಣದು ಚಂದ ಕಾಣಂಗಿಲ್ಲ" ಅನ್ನುವ ಅತ್ತೆಯರಿದ್ದಾರೆ. ಅವರ ಮನೆಗೆ ನೀವೇ ಹೋಗಿ, ಅತ್ತೆಯನ್ನೂ ಒಂದು ದಿನ ಕರೆದುಕೊಂಡು ಬನ್ನಿ.

ಬಸುರಿಯಲ್ಲಿ ಬರುವ ಶುಗರ್ ಕೂಡ ಕೂಸಿಗೆ ಒಂದು ವಾತಾವರಣವೇ. ಅಮೆರಿಕದ ಪೀಮಾ ಅನ್ನುವ ಮೂಲನಿವಾಸಿಗಳಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿ ನೋಡಿದರು. ತಾಯಿಗೆ ಶುಗರ್ ಬರುವ ಮೊದಲು ಹುಟ್ಟಿದ ಮಗುವಿಗಿಂತ, ಬಂದ ಮೇಲೆ ಹುಟ್ಟಿದ ಮಗುವಿಗೆ ಮುಂದೆ ಶುಗರ್ ಬರುವುದು ಬಹಳ ಜಾಸ್ತಿ. ತಾಯಿ ಅವಳೇ, ತಂದೆ ಅವನೇ, ವಂಶವೂ ಅದೇ. ಬೇರೆ ಇದ್ದದ್ದು ಆ ಒಂಬತ್ತು ತಿಂಗಳ ರಕ್ತ. ಹಾಗಾಗಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ನೋಡುವ ಪರೀಕ್ಷೆಯನ್ನು ಯಾರಿಗೂ ತಪ್ಪಿಸಬೇಡಿ. ಸಣಕಲು ಹೆಣ್ಣುಮಗಳಿಗೂ ಬೇಕು.

ಮಾತು ಮುಗಿಯುವ ಮೊದಲೇ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಮೇಡಂ, ಹಂಗಾದ್ರ ಎಲ್ಲಾ ತಾಯಿದೇ ತಪ್ಪೇನು?"

ಇಲ್ಲ ತಂಗಿ. ನಾನು ಹೇಳಿದ್ದನ್ನೆಲ್ಲ ಒಂದೊಂದೇ ಎಣಿಸು. ಬೋರ್‌ವೆಲ್ ಅವಳು ತೋಡಿಸಿದ್ದಲ್ಲ. ಅಡುಗೆಮನೆಗೆ ಕಿಟಕಿ ಇಡದೆ ಕಟ್ಟಿದವಳು ಅವಳಲ್ಲ. ಎಣ್ಣಿ ಯಾವಾಗ ಹೊಡೆಯಬೇಕು ಅಂತ ಅವಳನ್ನು ಯಾರೂ ಕೇಳಲಿಲ್ಲ. 43 ಡಿಗ್ರಿ ಬಿಸಿಲಲ್ಲಿ ಖಣಿಗೆ, ಇಟ್ಟಿಗೆ ಭಟ್ಟಿಗೆ ಹೋದದ್ದು ಹೊಟ್ಟೆಪಾಡಿಗೆ. ಅವಳ ಮೈ ಮೇಲೆ ಹಾದು ಹೋದ ಊರಿನ ಗಾಳಿ, ನೀರು ಕೂಸಿಗೆ ತಲುಪಿತು ಅಷ್ಟೇ. ಮನೆಗೆ ಹೋಗಿ ಯಾವ ತಾಯಿಗೂ "ನಿನ್ನಿಂದಲೇ ಹೀಗಾಯಿತು" ಅನ್ನಬೇಡಿ. ಅಂದರೆ ಇವತ್ತು ನಾನು ಬಂದದ್ದೇ ತಪ್ಪಾಗುತ್ತದೆ. ಗಂಡನಿಗೆ ಹೇಳಿ, ಅತ್ತೆ ಮಾವನಿಗೆ ಹೇಳಿ, ಪಂಚಾಯಿತಿಗೆ ಹೇಳಿ. ರೊಟ್ಟಿ ಸುಡುವ ಕೆಲಸ ಒಂಬತ್ತು ತಿಂಗಳು ಮನೆಯ ಬೇರೆಯವರು ಮಾಡಲಿ. ಒಲೆಯನ್ನು ಅಂಗಳಕ್ಕೆ, ಗಾಳಿ ಆಡುವ ಕಡೆಗೆ ಇಡಲಿ.

ಚಿತ್ತಾಪುರ ಕಡೆಯ ಒಬ್ಬ ಆಶಾ ಅಕ್ಕ ಕೇಳಿದರು: "ಹುಟ್ಟಿಬಿಟ್ಟಾವಲ್ರಿ, ಸಣ್ಣವು. ಈಗ ಏನ್ ಮಾಡ್ಬೇಕು?"

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಯಾಕೆಂದರೆ ಇದರಲ್ಲಿ ನಾನೇ ತಪ್ಪು ಮಾಡಿದ್ದೇನೆ. ತಾಲೂಕು ಆಸ್ಪತ್ರೆಯಲ್ಲಿದ್ದಾಗ ಸಣ್ಣ ಕೂಸು ಹುಟ್ಟಿತು ಅಂದರೆ "ಏನಾದ್ರೂ ಮಾಡಿ ಬೇಗ ದಪ್ಪ ಮಾಡಿ" ಅಂತ ಹೇಳಿ ಕಳಿಸುತ್ತಿದ್ದೆ. ಮೂರು ವರ್ಷದ ಮಗು ಗುಂಡುಗುಂಡಗೆ ಬಂದರೆ ಖುಷಿಪಡುತ್ತಿದ್ದೆ. ಆಮೇಲೆ ದೆಹಲಿಯ ಅಧ್ಯಯನ ಓದಿದೆ, 2004ರದ್ದು. 1969ರಿಂದ 1972ರಲ್ಲಿ ಹುಟ್ಟಿದ ಸುಮಾರು 1500 ಜನರನ್ನು ಕೂಸಿನಿಂದ ಹಿಡಿದು ಮೂವತ್ತರ ಆಸುಪಾಸಿನವರೆಗೆ ಹಿಂಬಾಲಿಸಿದ್ದರು. ಯಾರಿಗೆ ಶುಗರ್ ಬಂದಿತ್ತೋ ಅವರು ಮೊದಲ ಎರಡು ವರ್ಷ ತೆಳ್ಳಗಿದ್ದು, ಆಮೇಲೆ ಹನ್ನೆರಡರ ತನಕ ತಮ್ಮ ವಯಸ್ಸಿನವರಿಗಿಂತ ಬೇಗ ಬೇಗ ತೂಕ ಏರಿಸಿಕೊಂಡವರು. ಅವರು ಆಗ ದಪ್ಪ ಅಂತಲೂ ಕಾಣುತ್ತಿರಲಿಲ್ಲ.

ಹಾಗಾಗಿ ಈಗ ನಾನು ಹೇಳುವುದು ಬೇರೆ. ಮೊದಲ ಆರು ತಿಂಗಳು ಬರೀ ಎದೆಹಾಲು. ಎರಡು ವರ್ಷದ ತನಕ ಎದೆಹಾಲಿನ ಜೊತೆ ಒಳ್ಳೆಯ ಊಟ, ತುಪ್ಪ, ಬ್ಯಾಳಿ, ಮೊಟ್ಟೆ. ಆ ಹೊತ್ತಿನಲ್ಲಿ ಬೆಳೆಯಲಿ, ಎತ್ತರವೂ ಬೆಳೆಯಲಿ. ಆಮೇಲೆ ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣದ ತಿಂಡಿ, ಬಣ್ಣದ ನೀರು, ಚಹಾದಲ್ಲಿ ಬಿಸ್ಕತ್ತು ಅದ್ದಿ ಊಟದ ಬದಲು ಕೊಡುವುದು, ಇವುಗಳಿಂದ ದೂರ. ಓಡಾಡಿ ಆಡಲಿ. ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ನೋಡುವಾಗ ಮಕ್ಕಳ ಸಣ್ಣ ಪಟ್ಟಿಯಿಂದಲೇ ನೋಡಬೇಕು. ದೊಡ್ಡವರ ಪಟ್ಟಿ ಮಗುವಿನ ತೋಳಿಗೆ ಕಟ್ಟಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕಾಯಿಲೆ ಮುಚ್ಚಿಹೋಗುತ್ತದೆ. ಸಣ್ಣದಾಗಿ ಹುಟ್ಟಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಬಹಳ ಜನರಿಗೆ ಬರುವುದೇ ಇಲ್ಲ. ಯಾರ ಮೇಲೆ ಕಣ್ಣಿಡಬೇಕು ಅಂತ ಹುಟ್ಟಿದ ತೂಕ ಹೇಳುತ್ತದೆ. ಅದಕ್ಕೇ ಆ ಹಳೆಯ ತಾಯಿ ಕಾರ್ಡ್ ಬಿಸಾಡಬೇಡಿ.

ಕಾರ್ಯಕ್ರಮ ಮುಗಿದು ಕುರ್ಚಿ ಎತ್ತುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಂದರು. ಕಾಲೇಜಿನಲ್ಲಿ ಕಸ ಗುಡಿಸುವವರು. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿದ್ದರಂತೆ. ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಒಂದು ತಾಯಿ ಕಾರ್ಡ್ ತಂದಿದ್ದರು, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟಿದ್ದು. ಜೊತೆಗೆ ಮಗನೂ ಇದ್ದ, ಒಂಬತ್ತು ವರ್ಷ. ಕಾರ್ಡಿನಲ್ಲಿ ತೂಕ 1.9 ಕಿಲೋ ಅಂತ ಇತ್ತು. ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು.

ನನ್ನ ಚೀಲದಲ್ಲಿ ಮಕ್ಕಳ ಪಟ್ಟಿ ಇತ್ತು. ಹುಡುಗನನ್ನು ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದೆ. 98, 60. ಇನ್ನೊಂದು ಸಲ ನೋಡಿದೆ, ಅಷ್ಟೇ ಬಂತು. "ಚಲೋ ಅದರಿ?" ಅಂತ ತಾಯಿ ಕೇಳಿದರು. ಚೆನ್ನಾಗಿದೆ ಅಂದೆ. ಅವರು ಕಾರ್ಡನ್ನು ನನ್ನ ಮುಂದೆ ಸರಿಸಿ, "ಹಂಗಾದ್ರ ಇದರಾಗೇ ಬರೀರಿ ಮೇಡಂ, ಮುಂದಿನ ವರ್ಷ ತೋರಸ್ಲಾಕ ಬೇಕಾಗ್ತದ" ಅಂದರು. ಹಿಂದಿನ ಪುಟದಲ್ಲಿ ಖಾಲಿ ಜಾಗ ಇತ್ತು. ತಾರೀಖು ಹಾಕಿ, ಬಿಪಿ ಬರೆದು ಕೊಟ್ಟೆ.